ಚಕ್ಕುಬಂದಿ ಮತ್ತು ಒಂದು ಗಡಿಗೆ ಮೊಸರು

"ಮುತ್ಯಾ, ಈ ಪುಸ್ತಕದಾಗ ಮೋಸ ಐತಿ ನೋಡು."

ರಾತ್ರಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಹುಡುಗಿ ಗಣಿತದ ಪುಸ್ತಕ ಹಿಡಿದುಕೊಂಡು ಬಂದು ನಿಂತಳು. ವಿಜಯಪುರದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಮೊದಲನೆಯ ವರ್ಷದ ಪಿ.ಯು.ಸಿ. ಓದುತ್ತಿದ್ದಾಳೆ. ಸ್ವಂತ ಮೊಮ್ಮಗಳಲ್ಲ. ಆದರೆ ನಮ್ಮ ಕಡೆ ಈ ವಯಸ್ಸಿನ ಗಂಡಸನ್ನು ಮನೆಯ ಮಕ್ಕಳೆಲ್ಲ ಕರೆಯುವುದು ಮುತ್ಯಾ ಎಂದೇ. ಪುಸ್ತಕದ ಮೊದಲ ಅಧ್ಯಾಯವೇ ಗಣಗಳದ್ದು. ಅಂಶಗಳ ಸಂಖ್ಯೆ ಖಚಿತವಾಗಿದ್ದರೆ ಅದು ಪರಿಮಿತ ಗಣ, ಇಲ್ಲವಾದರೆ ಅಪರಿಮಿತ ಗಣ ಎಂಬ ಅರ್ಥದ ವ್ಯಾಖ್ಯೆಯೊಂದು ಅಲ್ಲಿದೆ.

"ಖಚಿತ ಸಂಖ್ಯೆ ಅಂದ್ರ ಎಣಿಸಿ ಮುಗಿಯೂದು. ಮುಗಿಯೂದು ಅಂದ್ರನ ಪರಿಮಿತ. ಹಂಗಾದ್ರ ಪರಿಮಿತ ಅಂದ್ರ ಪರಿಮಿತ ಅಂತ ಹೇಳಿದಂಗಾತು. ಇದೇನ್ ವ್ಯಾಖ್ಯೆ?"

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಒಬ್ಬ ವಿದ್ಯಾರ್ಥಿಯೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಸಿಕೊಳ್ಳುವಂಥ ಮೇಷ್ಟ್ರಾಗಿರಲಿಲ್ಲವೋ ಏನೋ. "ಪರೀಕ್ಷೆಗೆ ಅಷ್ಟು ಬರದ್ರ ಸಾಕವ್ವಾ, ಹೋಗಿ ಮಲಕೋ" ಎಂದು ಕಳಿಸಿಬಿಟ್ಟೆ. ಅವಳು ಮಲಗಿದಳು, ನನಗೆ ನಿದ್ದೆ ಬರಲಿಲ್ಲ.

ಆ ದಿನವೇ ಬೆಳಿಗ್ಗೆ ಅವಳ ಅಪ್ಪ ಫೋನು ಮಾಡಿದ್ದ. "ಕಾಕಾರಿ, ಆಕಿಗಿ ನೀವಾರೆ ಬುದ್ಧಿ ಹೇಳ್ರಿ. ಬರೇ ಗಣಿತ ಓದತೀನಿ ಅಂತಾಳ. ಇಂಜಿನಿಯರಿಂಗಿಗೆ ಕೋಚಿಂಗ್ ಹಚ್ಚೂಣಂದ್ರ ಒಲ್ಲೆ ಅಂತಾಳ" ಎಂದಿದ್ದ. ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಬುದ್ಧಿ ಹೇಳುವ ಮೊದಲು ಅವಳ ಪ್ರಶ್ನೆಗೆ ಉತ್ತರ ಹೇಳಬೇಕಲ್ಲ! ಆ ಉತ್ತರವನ್ನು ಹುಡುಕುತ್ತ ಹೋದರೆ ಈಗ ನೀರಿನೊಳಗಿರುವ ನಮ್ಮ ಹಳೆಯ ಮನೆಯ ಬಾಗಿಲಿಗೆ ಬಂದು ನಿಂತೆ.

ನಮ್ಮದು ಕೊಲ್ಹಾರ. ಈಗ ಅದೇ ಒಂದು ತಾಲ್ಲೂಕು. ನಾನು ಹುಡುಗನಾಗಿದ್ದಾಗ ಬಸವನ ಬಾಗೇವಾಡಿ ತಾಲ್ಲೂಕಿನೊಳಗಿತ್ತು. ಕೃಷ್ಣೆಯ ದಂಡೆಯ ಊರು. ಬಸ್ಸಿನಲ್ಲಿ ಹಾದುಹೋದವರಿಗೆ ಗಡಿಗೆಯ ಮೊಸರಿನ ಊರೆಂದರೆ ಥಟ್ಟನೆ ನೆನಪಾದೀತು. ಎಮ್ಮೆಯ ಹಾಲಿನ ಗಟ್ಟಿ ಮೊಸರು. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ, ಅರಿವೆಯಲ್ಲಿ ಕಟ್ಟಿಕೊಂಡು ಹೋಗಬಹುದು ಎಂಬುದು ಊರಿನ ಹೆಮ್ಮೆಯ ಮಾತು. ನಮ್ಮ ಆಯಿಯೂ ಬಸ್‌ಸ್ಟ್ಯಾಂಡಿನಲ್ಲಿ ಗಡಿಗೆ ಇಟ್ಟುಕೊಂಡು ಮೊಸರು ಮಾರಿದವಳೇ.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಅಂದಿನಿಂದ 'ಊರು ಮುಳುಗತೈತಂತ' ಎಂಬ ಮಾತು ಕೇಳುತ್ತಲೇ ನಾವು ಬೆಳೆದೆವು. ಮುಳುಗುವುದು ನಿಜ ಎಂದು ಮನಸ್ಸಿಗೆ ತಟ್ಟಿದ್ದು ಮಾತ್ರ ಟೇಪು ಹಿಡಿದು ಮನೆ ಅಳೆಯುವವರು ಓಣಿಗೆ ಬಂದಾಗ. ಆಗ ನಾನು ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಓದುತ್ತಿದ್ದೆ. ರಜೆಗೆ ಊರಿಗೆ ಬಂದರೆ ಅಪ್ಪ ಮತ್ತು ಕಾಕಾ ಮಾತು ಬಿಟ್ಟಿದ್ದರು.

ಕಾರಣ ಇಷ್ಟೇ. ಮುತ್ಯಾ ತೀರಿಕೊಳ್ಳುವ ಮುಂಚೆ ಮನೆಯನ್ನು ಎರಡು ಪಾಲು ಮಾಡಿ ವಾಟಣಿ ಪತ್ರ ಬರೆಸಿಟ್ಟಿದ್ದ. ಬರೆದವರು ಯಾರೋ ಪರಿಚಯದವರು. ಪತ್ರದಲ್ಲಿ ಚಕ್ಕುಬಂದಿ ಹೀಗಿತ್ತು: ಹಿರಿಯನ ಪಾಲಿಗೆ ಮುಂದೆ ಓಣಿ, ಹಿಂದೆ ಹಿತ್ತಲು, ಒಂದು ಮಗ್ಗುಲಿಗೆ ಕಿರಿಯನ ಪಾಲು, ಇನ್ನೊಂದು ಮಗ್ಗುಲಿಗೆ ದಾಯಾದಿಗಳ ಗೋಡೆ. ಕಿರಿಯನ ಪಾಲಿಗೆ ಮುಂದೆ ಓಣಿ, ಹಿಂದೆ ಹಿತ್ತಲು, ಒಂದು ಮಗ್ಗುಲಿಗೆ ಹಿರಿಯನ ಪಾಲು, ಇನ್ನೊಂದು ಮಗ್ಗುಲಿಗೆ ದಾಯಾದಿಗಳ ಗೋಡೆ. ನಮ್ಮ ಮನೆಯ ಎರಡೂ ಕಡೆ ಇದ್ದವರು ದಾಯಾದಿಗಳೇ. ಮೂಡಣ ಯಾವುದು, ಪಡುವಣ ಯಾವುದು ಎಂದು ಬರೆಯುವುದನ್ನೇ ಮರೆತಿದ್ದರು. ಒಲೆ ಒಂದೇ ಇದ್ದಷ್ಟು ದಿನ ಯಾರಿಗೂ ಅದು ಬೇಕಾಗಿರಲಿಲ್ಲ. ಈಗ ಒಂದು ಪಾಲಿಗೆ ಕಲ್ಲಿನ ಗೋಡೆ, ಇನ್ನೊಂದಕ್ಕೆ ಮಣ್ಣಿನ ಗೋಡೆ. ಪರಿಹಾರದ ಲೆಕ್ಕದಲ್ಲಿ ಎರಡಕ್ಕೂ ಅಂತರವಿತ್ತು. ಕಲ್ಲಿನದು ನನ್ನದು ಎಂದು ಇಬ್ಬರೂ ಅದೇ ಪತ್ರವನ್ನೇ ತೋರಿಸುತ್ತಿದ್ದರು!

ಧಾರವಾಡದ ಗ್ರಂಥಾಲಯದಲ್ಲಿ ಗಣಿತೀಯ ತರ್ಕದ ಪುಸ್ತಕವೊಂದನ್ನು ಆಗಷ್ಟೇ ಓದಿದ್ದೆ. ಅದರಲ್ಲಿ ಇಟಲಿಯ ಪಾಡೋವಾ ಎಂಬವರು 1900ರಲ್ಲಿ ಪ್ಯಾರಿಸ್ಸಿನಲ್ಲಿ ಮಂಡಿಸಿದ ಉಪಾಯವೊಂದಿತ್ತು. ನಿಮ್ಮ ಬಳಿ ಕೆಲವು ಹೇಳಿಕೆಗಳಿವೆ. ಅವುಗಳಿಂದ ಒಂದು ವಸ್ತು ಯಾವುದೆಂದು ಗೊತ್ತಾಗುತ್ತದೆಯೇ? ಹಾಗೆ ಗೊತ್ತಾಗುವುದಿಲ್ಲವೆಂದು ತೋರಿಸಲು ಒಂದೇ ಕೆಲಸ ಸಾಕು. ಉಳಿದದ್ದನ್ನೆಲ್ಲ ಇದ್ದಲ್ಲೇ ಬಿಟ್ಟು ಆ ವಸ್ತುವನ್ನಷ್ಟೇ ಅದಲುಬದಲು ಮಾಡಿ ನೋಡಿ. ಹೇಳಿಕೆಗಳೆಲ್ಲ ಆಗಲೂ ಸತ್ಯವಾಗಿಯೇ ಉಳಿದರೆ ಆ ಹೇಳಿಕೆಗಳಿಗೆ ಅದನ್ನು ಗುರುತಿಸುವ ಶಕ್ತಿಯಿಲ್ಲ.

ನಾನು ಜಾಣನೆಂದುಕೊಂಡು ಪಡಸಾಲೆಯಲ್ಲಿ ಇಬ್ಬರನ್ನೂ ಕೂರಿಸಿ ಹೇಳಿದೆ: "ಕಲ್ಲಿನ ಪಾಲು ಅಪ್ಪಂದು ಅಂತ ತಿಳಕೊಂಡು ಪತ್ರ ಓದ್ರಿ, ಎಲ್ಲಾ ಖರೆ ಆಗತೈತಿ. ಕಾಕಾಂದು ಅಂತ ತಿಳಕೊಂಡು ಓದ್ರಿ, ಆಗೂ ಎಲ್ಲಾ ಖರೆ. ಅಂದ್ರ ಈ ಕಾಗದದಿಂದ ಈ ಜಗಳ ಹರಿಯೂದಿಲ್ಲ."

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಎದ್ದು ನಿಂತ. "ಎಮ್ಮಿ ಮಾರಿ ನಿನ್ನ ಧಾರವಾಡಕ್ಕ ಕಳಿಸಿದ್ದು ಅಪ್ಪನ ಪಾಲು ಅಪ್ಪಂದಲ್ಲ ಅಂತ ಸಾಧಿಸಾಕೇನು?" ಎಂದ. ಆ ರಜೆ ಮುಗಿಯುವವರೆಗೂ ನನ್ನ ಜೊತೆಗೂ ಮಾತು ಬಿಟ್ಟ. ಇದರಿಂದ ಬಗೆಹರಿಯುವುದಿಲ್ಲ ಎಂದು ತೋರಿಸುವುದು ಒಂದು ವಿದ್ಯೆ. ಬಗೆಹರಿಸುವುದು ಬೇರೆಯೇ ವಿದ್ಯೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಬಗೆಹರಿಸಿದವಳು ಆಯಿ. ನಾನು ಧಾರವಾಡಕ್ಕೆ ಹೊರಡುವ ದಿನ ಮೊಸರಿನ ಗಡಿಗೆಯೊಂದನ್ನು ತಂದು ಮಣ್ಣಿನ ಗೋಡೆಯ ಪಾಲಿನ ಹೊಸ್ತಿಲ ಮೇಲೆ ಇಟ್ಟಳು. ಮಕ್ಕಳಿಬ್ಬರನ್ನೂ ಕರೆದಳು. "ನಿಮ್ಮಪ್ಪ ಯಾವುದು ಯಾರಿಗಂದಿದ್ನೋ ನನಗೂ ನೆನಪಿಲ್ಲ. ಇವತ್ತ ನಾ ಹೇಳತೀನಿ ಕೇಳ್ರಿ. ಕಲ್ಲಿನ ಗೋಡಿ ಸಣ್ಣಾಂದು. ಮಣ್ಣಿನ ಗೋಡಿ ಮತ್ತ ನಾನು, ಇವೆರಡೂ ದೊಡ್ಡಾಂದು. ನಾ ಸಾಯೂತನಾ ಇಲ್ಲೇ ಇರಾಕಿ."

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅಪ್ಪ ಬಗ್ಗಿ ಗಡಿಗೆ ಎತ್ತಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಕಾಕಾ ಅಡುಗೆಮನೆಯಿಂದ ರೊಟ್ಟಿ ಬುಟ್ಟಿ ಹಿಡಿದುಕೊಂಡು ಹಿಂದೆಯೇ ಬಂದ.

ಪತ್ರದ ಭಾಷೆಯಲ್ಲಿ ಎರಡು ಪಾಲುಗಳೂ ಒಂದೇ. ಆಯಿ ಆ ಭಾಷೆಗೆ ಒಂದು ಹೆಸರನ್ನು ಸೇರಿಸಿದಳು. 'ಇದು' ಎಂದು ಕೈಯಿಟ್ಟು ತೋರಿಸಿದಳು. ಅದಾದ ಮೇಲೆ ಅದಲುಬದಲಿಗೆ ಎಡೆಯೇ ಇಲ್ಲ. ತರ್ಕದವರೂ ಇದನ್ನೇ ಮಾಡುತ್ತಾರೆ: ಭಾಷೆ ಸಾಲದಾದಾಗ ಅದಕ್ಕೊಂದು ಹೊಸ ಪದ ಕೂಡಿಸುತ್ತಾರೆ. ಆದರೆ ಕೂಡಿಸಿದ್ದಕ್ಕೆ ಬೆಲೆ ತೆರಬೇಕಾಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ.

ಮರುದಿನ ಸಂಜೆ ಅವಳನ್ನು ಕೂರಿಸಿಕೊಂಡು ಹೇಳಿದೆ. ಓದುಗರೂ, ಮುಖ್ಯವಾಗಿ ಪಿ.ಯು.ಸಿ. ಮಕ್ಕಳ ತಂದೆತಾಯಂದಿರು, ಒಂದೈದು ನಿಮಿಷ ತಾಳ್ಮೆಯಿಂದ ಜೊತೆಗೆ ಬರಬೇಕು.

ಗಣಿತದ ಸಾದಾ ಭಾಷೆಯೊಂದಿದೆ. 'ಮೊದಲ ದರ್ಜೆಯ ತರ್ಕ' ಎಂದು ಅದರ ಹೆಸರು. 'ಮತ್ತು', 'ಅಥವಾ', 'ಅಲ್ಲ', 'ಆದರೆ', 'ಪ್ರತಿಯೊಂದೂ', 'ಒಂದಾದರೂ ಇದೆ', 'ಇದೇ ಅದು' – ಇಷ್ಟೇ ಅದರ ಬಂಡವಾಳ. 'ಪ್ರತಿಯೊಂದೂ' ಎನ್ನುವುದನ್ನು ವಸ್ತುಗಳ ಬಗ್ಗೆ ಮಾತ್ರ ಹೇಳಬಹುದು. ವಸ್ತುಗಳ ಗುಂಪುಗಳ ಬಗ್ಗೆ ಹೇಳುವಂತಿಲ್ಲ. ಈ ಭಾಷೆಯಲ್ಲಿ 'ಊರಲ್ಲಿ ಕನಿಷ್ಠ ಮೂರು ಮನೆಗಳಿವೆ' ಎನ್ನಬಹುದು: ಒಂದಿದೆ, ಇನ್ನೊಂದಿದೆ, ಮತ್ತೊಂದಿದೆ, ಮೂರೂ ಬೇರೆ ಬೇರೆ. ಹೀಗೆಯೇ ಕನಿಷ್ಠ 100, ಕನಿಷ್ಠ 1000 ಎಂದೂ ಹೇಳಬಹುದು. 'ಸರಿಯಾಗಿ ಏಳು ಮನೆಗಳಿವೆ' ಎಂದೂ ಹೇಳಬಹುದು. ಆದರೆ 'ಊರಿನ ಮನೆಗಳು ಪರಿಮಿತ, ಎಷ್ಟೋ ಗೊತ್ತಿಲ್ಲ, ಅಂತೂ ಎಣಿಸಿದರೆ ಮುಗಿಯುತ್ತವೆ' ಎಂದು ಹೇಳಲು ಬರುತ್ತದೆಯೇ?

ಬರುವುದಿಲ್ಲ. ಅದು ನಮ್ಮ ದಡ್ಡತನದಿಂದಲ್ಲ. ಯಾರಿಗೂ ಬರಲಾರದು ಎಂದು ಸಾಧಿಸಬಹುದು. ಸಾಧಿಸಲು ಬೇಕಾಗುವ ಗುಣಕ್ಕೆ ಇಂಗ್ಲಿಷಿನವರು ಕಂಪ್ಯಾಕ್ಟ್‌ನೆಸ್ ಎನ್ನುತ್ತಾರೆ. ನಾನು ನಮ್ಮ ಮನೆಯ ಕಥೆಗೆ ಒಪ್ಪುವಂತೆ 'ಕೂಡಿಬಾಳುವ ಗುಣ' ಎನ್ನುತ್ತೇನೆ. ಅಪರಿಮಿತವಾಗಿ ಷರತ್ತುಗಳಿವೆ ಎನ್ನಿ. ಅವುಗಳಲ್ಲಿ ಯಾವ ಕೆಲವನ್ನು ಆರಿಸಿಕೊಂಡರೂ ಅಷ್ಟನ್ನೂ ನಡೆಸಿಕೊಡುವ ಒಂದು ಊರು ಸಿಗುತ್ತದೆ ಎನ್ನಿ. ಹಾಗಿದ್ದರೆ ಎಲ್ಲ ಷರತ್ತುಗಳನ್ನೂ ಒಟ್ಟಿಗೆ ನಡೆಸಿಕೊಡುವ ಊರೂ ಒಂದಿದೆ. ಇದೇ ಆ ಗುಣ.

ಯಾಕೆ ಹೀಗೆ? ವಿಯೆನ್ನಾದ ಕುರ್ಟ್ ಗೋಡೆಲ್ ಎಂಬ ತರುಣ 1929ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಒಂದು ದೊಡ್ಡ ಸಂಗತಿ ಸಾಧಿಸಿದ. 1930ರಲ್ಲಿ ಅದು ಅಚ್ಚಾಯಿತು. ಮೊದಲ ದರ್ಜೆಯ ಭಾಷೆಯಲ್ಲಿ ಕೆಲವು ಷರತ್ತುಗಳು ಒಟ್ಟಿಗೆ ನಡೆಯಲು ಸಾಧ್ಯವೇ ಇಲ್ಲವೆಂದಾದರೆ, ಆ ವಿರೋಧವನ್ನು ಹೆಜ್ಜೆಹೆಜ್ಜೆಯಾಗಿ ಬರೆದು ತೋರಿಸಲು ಬರುತ್ತದೆ. ಬರೆದದ್ದು ಎಷ್ಟೇ ಉದ್ದವಾಗಿದ್ದರೂ ಮುಗಿಯಲೇಬೇಕು. ಮುಗಿಯುವ ಬರಹದಲ್ಲಿ ಬಳಕೆಯಾದ ಷರತ್ತುಗಳೂ ಕೆಲವೇ. ಅಂದರೆ ಜಗಳ ಇರುವುದೇ ನಿಜವಾದರೆ ಅದರ ಬೇರು ಕೆಲವೇ ಮಾತುಗಳಲ್ಲಿ ಸಿಕ್ಕುತ್ತದೆ. ಕೆಲವು ಮಾತುಗಳಲ್ಲಿ ಎಲ್ಲಿಯೂ ಸಿಗದಿದ್ದರೆ ಜಗಳವೇ ಇಲ್ಲ! ರಷ್ಯಾದ ಮಾಲ್ಟ್‌ಸೆವ್ 1936ರಲ್ಲಿ ಇದನ್ನು ಇನ್ನೂ ವಿಶಾಲವಾದ ಕ್ಷೇತ್ರಕ್ಕೆ ಹಬ್ಬಿಸಿದರು.

ಈಗ ನೋಡಿ. 'ಊರಿನ ಮನೆಗಳು ಪರಿಮಿತ' ಎಂದು ಹೇಳುವ ಒಂದು ವಾಕ್ಯ ಸಾದಾ ಭಾಷೆಯಲ್ಲಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಅದರ ಜೊತೆಗೆ 'ಕನಿಷ್ಠ 1 ಮನೆ', 'ಕನಿಷ್ಠ 2', 'ಕನಿಷ್ಠ 3' ಎಂದು ಕೊನೆಯಿಲ್ಲದೆ ಬರೆಯುತ್ತ ಹೋಗಿ. ಈ ಪಟ್ಟಿಯಿಂದ ಯಾವ ಕೆಲವನ್ನು ತೆಗೆದುಕೊಂಡರೂ ನಡೆಯುತ್ತದೆ. ಆರಿಸಿದ್ದರಲ್ಲಿ ಅತಿ ದೊಡ್ಡದು 'ಕನಿಷ್ಠ 1000' ಆಗಿದ್ದರೆ ಸಾವಿರ ಮನೆಯ ಊರು ಸಾಕು. ಹಾಗಾದರೆ ಕೂಡಿಬಾಳುವ ಗುಣದಿಂದ ಎಲ್ಲವೂ ಒಟ್ಟಿಗೆ ನಡೆಯುವ ಊರೊಂದು ಇರಲೇಬೇಕು. ಆ ಊರಿನ ಮನೆಗಳು ಪರಿಮಿತ. ಆದರೆ ಯಾವ ಸಂಖ್ಯೆ ಹೇಳಿದರೂ ಅಷ್ಟಾದರೂ ಇವೆ. ಅಂಥ ಊರು ಎಲ್ಲಿಂದ ಬರಬೇಕು? ಆದ್ದರಿಂದ ನಾವು ಸಿಕ್ಕಿತೆಂದುಕೊಂಡ ಆ ವಾಕ್ಯವೇ ಸುಳ್ಳು.

ಹುಡುಗಿ ಕಣ್ಣು ಅಗಲ ಮಾಡಿ ಕೇಳುತ್ತಿದ್ದಳು. "ಹಂಗಾದ್ರ ಪುಸ್ತಕ ಬರದವ್ರು ಏನ್ ಮಾಡಬೇಕಿತ್ತು?"

ಭಾಷೆಯನ್ನು ದೊಡ್ಡದು ಮಾಡಬೇಕಿತ್ತು. ಜರ್ಮನಿಯ ಡೆಡೆಕಿಂಡ್ 1888ರಲ್ಲೇ ದಾರಿ ತೋರಿಸಿದ್ದಾರೆ: ಒಂದು ಗುಂಪನ್ನು ಅದರದೇ ಒಂದು ತುಂಡಿನ ಜೊತೆ ಒಂದಕ್ಕೊಂದು ಜೋಡಿಸಲು ಸಾಧ್ಯವಾದರೆ ಅದು ಅಪರಿಮಿತ. 1, 2, 3 ಎಂಬ ಸಂಖ್ಯೆಗಳನ್ನು 2, 4, 6ರ ಜೊತೆ ಜೋಡಿಸಬಹುದು. ನಿಮ್ಮ ಕೈಬೆರಳುಗಳನ್ನು ಹಾಗೆ ಜೋಡಿಸಲಾಗದು. ಇಲ್ಲಿ ಎಣಿಕೆಯ ಮಾತೇ ಇಲ್ಲ, ಸುತ್ತುಬಳಸೂ ಇಲ್ಲ. ಆದರೆ 'ಯಾವ ಜೋಡಣೆಯೂ ಇಲ್ಲ' ಎನ್ನಬೇಕಾದರೆ ಎಲ್ಲ ಜೋಡಣೆಗಳ ಬಗ್ಗೆ ಮಾತಾಡಬೇಕು. ಅದು ಎರಡನೆಯ ದರ್ಜೆಯ ಭಾಷೆ. ಅಷ್ಟು ದೂರ ಹೋಗುವುದು ಬೇಡವಾದರೆ ಪೋಲೆಂಡಿನ ಮೋಸ್ಟೊವ್‌ಸ್ಕಿ 1957ರಲ್ಲಿ ತೋರಿಸಿದಂತೆ 'ಅಪರಿಮಿತವಾಗಿ ಇವೆ' ಎಂಬ ಒಂದೇ ಒಂದು ಪದವನ್ನು ಸಾದಾ ಭಾಷೆಗೆ ಸೇರಿಸಿಕೊಳ್ಳಬಹುದು. ಆಗ 'ಪರಿಮಿತ' ಎನ್ನಲು ಬರುತ್ತದೆ. ಬಂದ ಕೂಡಲೇ ಮೇಲಿನ ಸಾವಿರ ಮನೆಯ ವಾದ ತಿರುಗಿ ಬಡಿಯುತ್ತದೆ: ಆ ಭಾಷೆಗೆ ಕೂಡಿಬಾಳುವ ಗುಣ ಉಳಿಯುವುದಿಲ್ಲ. ಯಾವ ಕೆಲವು ಮಾತುಗಳಲ್ಲೂ ಬಿರುಕಿಲ್ಲ. ಆದರೂ ಒಟ್ಟು ಸಂಸಾರ ನಿಲ್ಲುವುದಿಲ್ಲ. ಬೇರು ಎಲ್ಲಿದೆ ಎಂದು ಹುಡುಕಿದರೆ ಕೈಗೆ ಸಿಗುವುದಿಲ್ಲ.

ಬೇರೆ ಯಾವುದಾದರೂ ಪದ ಸೇರಿಸಿದರೆ? 'ಎಣಿಸಲಾರದಷ್ಟು ಇವೆ' ಎಂಬ ಪದವನ್ನು ಸೇರಿಸಿ ನೋಡಿದವರಿದ್ದಾರೆ. 1, 2, 3 ಎಂದು ಸಾಲಾಗಿ ನಿಲ್ಲಿಸಬಹುದಾದ ಷರತ್ತುಗಳ ಮಟ್ಟಿಗೆ ಅಲ್ಲಿ ಕೂಡಿಬಾಳುವ ಗುಣ ಉಳಿಯಿತು; ಹೋದದ್ದು ಇನ್ನೊಂದು. ಸಾದಾ ಭಾಷೆಯ ಒಂದು ವಾಕ್ಯ ಎಷ್ಟೇ ದೊಡ್ಡ ಲೋಕದಲ್ಲಿ ನಿಜವಾದರೂ ಸಾಲಾಗಿ ಎಣಿಸಬಹುದಾದ ಚಿಕ್ಕ ಲೋಕವೊಂದರಲ್ಲೂ ನಿಜವಾಗುತ್ತದೆ. ಲೋವೆನ್‌ಹೈಮ್ 1915ರಲ್ಲಿ, ಸ್ಕೋಲೆಮ್ 1920ರಲ್ಲಿ ಕಂಡುಕೊಂಡ ಈ ಗುಣ ಹೊಸ ಪದ ಬಂದ ಕೂಡಲೇ ಹೊರಟುಹೋಯಿತು. ಕೊನೆಗೆ ಸ್ವೀಡನ್ನಿನ ಪೆರ್ ಲಿಂಡ್‌ಸ್ಟ್ರೋಮ್ 1969ರಲ್ಲಿ ಇದೆಲ್ಲಕ್ಕೂ ಒಂದು ತೀರ್ಮಾನ ಕೊಟ್ಟರು. ಸಾದಾ ಭಾಷೆಗಿಂತ ಹೆಚ್ಚು ಹೇಳಬಲ್ಲ ಭಾಷೆ ಯಾವುದೇ ಇರಲಿ, ಇವೆರಡು ಗುಣಗಳಲ್ಲಿ ಒಂದನ್ನಾದರೂ ಕಳೆದುಕೊಳ್ಳಲೇಬೇಕು. ಎರಡನ್ನೂ ಉಳಿಸಿಕೊಂಡು ಹೆಚ್ಚು ಮಾತಾಡುವ ಭಾಷೆ ಇಲ್ಲ, ಯಾರೂ ಕಟ್ಟಲಾರರು.

"ಅಂದ್ರ ಜಾಸ್ತಿ ಮಾತಾಡಿದ್ರ ಏನರೆ ಒಂದು ಕಳಕೋಬೇಕು" ಎಂದಳು ಹುಡುಗಿ. ನಾನು ಹಾಗೆ ಹೇಳಿರಲಿಲ್ಲ. ಆದರೆ ತಪ್ಪೂ ಅಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ವಾಟಣಿ ಪತ್ರದ ಕಥೆಯನ್ನೂ ಹೇಳಿದೆ. ಹೇಳುತ್ತ ಡಚ್ಚರ ಎವರ್ಟ್ ಬೆತ್ ನೆನಪಾದರು. ಅದಲುಬದಲು ಮಾಡಲು ಬಂದರೆ ವ್ಯಾಖ್ಯೆ ಸಿಗುವುದಿಲ್ಲ ಎಂದರು ಪಾಡೋವಾ. ಅದಲುಬದಲಿಗೆ ಯಾವ ಲೋಕದಲ್ಲೂ ಎಡೆಯಿಲ್ಲದಿದ್ದರೆ ವ್ಯಾಖ್ಯೆ ಸಿಕ್ಕೇ ಸಿಗುತ್ತದೆ, ಸಾದಾ ಭಾಷೆಯ ಒಂದೇ ಸೂತ್ರದಲ್ಲಿ ಬರೆದುಕೊಡಬಹುದು ಎಂದು 1953ರಲ್ಲಿ ಬೆತ್ ಸಾಧಿಸಿದರು. ಸುಮ್ಮನೆ ಸೂಚಿತವಾಗಿದ್ದನ್ನು ಬಾಯಿಬಿಟ್ಟು ಹೇಳಲು ಬರುತ್ತದೆ ಎಂಬ ಭರವಸೆ ಅದು. ಈ ಭರವಸೆಯೂ ದೊಡ್ಡ ಭಾಷೆಗಳಲ್ಲಿ ಎಲ್ಲೆಲ್ಲೂ ಉಳಿಯುವುದಿಲ್ಲ. 'ಅಪರಿಮಿತವಾಗಿ ಇವೆ' ಎಂಬ ಪದ ಸೇರಿದ ಭಾಷೆಯಲ್ಲಿ ಅದು ಮುರಿದುಬೀಳುತ್ತದೆ: ವಸ್ತು ಯಾವುದೆಂಬುದರಲ್ಲಿ ಕೂದಲೆಳೆಯ ಅನುಮಾನವಿಲ್ಲ, ಆದರೆ ಅದನ್ನು ಹೇಳುವ ವಾಕ್ಯ ಆ ಭಾಷೆಯಲ್ಲಿಲ್ಲ.

ಹೋದ ಭಾನುವಾರ ಹುಡುಗಿಯನ್ನು ಕರೆದುಕೊಂಡು ಕೊಲ್ಹಾರಕ್ಕೆ ಹೋಗಿದ್ದೆ. ಹೊಸ ಕೊಲ್ಹಾರದಲ್ಲಿ ಮೊಸರು ಕೊಂಡು ನದಿಯ ಕಡೆ ನಡೆದೆವು. ಆಲಮಟ್ಟಿಯಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸುತ್ತಾರೆ, ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಸೇತುವೆಯ ಎರಡೂ ಕಡೆ ಕಣ್ಣು ಹಾಯುವಷ್ಟು ಹಿನ್ನೀರು. ಅಪ್ಪ, ಕಾಕಾ, ಆಯಿ ಮೂವರೂ ಈಗಿಲ್ಲ. ಕಲ್ಲಿನ ಗೋಡೆ, ಮಣ್ಣಿನ ಗೋಡೆ ಎರಡೂ ಒಂದೇ ನೀರಿನಲ್ಲಿವೆ.

"ಮನಿ ಎಲ್ಲಿತ್ತು ಮುತ್ಯಾ?"

ಮುಂದೆ ಓಣಿ ಇತ್ತು, ಹಿಂದೆ ಹಿತ್ತಲಿತ್ತು, ಎರಡೂ ಮಗ್ಗುಲಿಗೆ ದಾಯಾದಿಗಳಿದ್ದರು ಎಂದೆ. ಹೇಳುತ್ತಲೇ ನನಗೆ ನಗು ಬಂತು, ಗಂಟಲೂ ಕಟ್ಟಿತು. ನನ್ನ ಮನಸ್ಸಿನಲ್ಲಿ ಅದು ಎಲ್ಲಿತ್ತು ಎಂಬುದರಲ್ಲಿ ಎಳ್ಳಷ್ಟೂ ಗೊಂದಲವಿಲ್ಲ. ಹೇಳಲು ಮಾತ್ರ ಹೊಸ್ತಿಲೊಂದು ಬೇಕು, ಗಡಿಗೆ ಇಡುವುದಕ್ಕೆ.

ಅವಳು ಆ ಕಾಕಾನ ಮೊಮ್ಮಗನ ಮಗಳು. ಆಯಿ ಅಂದು ಆ ಹೊಸ್ತಿಲ ಮೇಲೆ ಗಡಿಗೆ ಇಡದಿದ್ದರೆ, ಪತ್ರ ಹಿಡಿದುಕೊಂಡು ಅಣ್ಣತಮ್ಮಂದಿರು ಕೋರ್ಟಿಗೆ ಅಲೆದಿದ್ದರೆ, ಅವಳು ನಮ್ಮ ಮನೆಯಲ್ಲಿದ್ದು ಓದುತ್ತಿರಲಿಲ್ಲ. ನನ್ನನ್ನು ಮುತ್ಯಾ ಎನ್ನುತ್ತಲೂ ಇರಲಿಲ್ಲ.

ಆ ರಾತ್ರಿ ಅವಳ ಅಪ್ಪನಿಗೆ ನಾನೇ ಫೋನು ಮಾಡಿದೆ. "ಬುದ್ಧಿ ಹೇಳಿದ್ರೇನ್ರಿ?" ಎಂದು ಕೇಳಿದ. ನಿನ್ನ ಮಗಳು ಪುಸ್ತಕದಲ್ಲೊಂದು ಬಿರುಕು ಕಂಡುಹಿಡಿದಿದ್ದಾಳೆ, ಎಂ.ಎಸ್ಸಿ. ಓದಿದ ಮೇಷ್ಟ್ರಿಗೆ ಅದಕ್ಕೆ ಉತ್ತರ ಕೊಡಲು ಒಂದು ರಾತ್ರಿ ಹಿಡಿಯಿತು, ಇನ್ನೊಂದು ವರ್ಷ ಅವಳನ್ನು ಅವಳ ಪಾಡಿಗೆ ಬಿಡು ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಎಷ್ಟ್ ಕೇಳತಾಳ್ರಿ ಆಕಿ! ಪ್ರಶ್ನೆ ಮುಗಿಯೂದ ಇಲ್ಲ" ಎಂದ ಕೊನೆಗೆ.

ಮುಗಿಯುತ್ತವೆಯೋ ಇಲ್ಲವೋ ಎಂದು ಹೇಳಲು ನನ್ನ ಭಾಷೆಯಲ್ಲಿ ಪದವಿಲ್ಲಪ್ಪಾ ಎಂದು ಫೋನು ಇಟ್ಟೆ. ಒಳಗೆ ಅವಳು ಮೊಸರಿನ ಗಡಿಗೆಯನ್ನು ನಿಧಾನವಾಗಿ ಬೋರಲು ಹಿಡಿಯುತ್ತಿದ್ದಳು, ಬೀಳುತ್ತದೆಯೋ ಇಲ್ಲವೋ ನೋಡಲು.